ಹದಿನಾಲ್ಕು ದಿನದ ಬಿಸಿನೀರು

ನನ್ನ ತಂಗಿ ಬಗ್ಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗಾಗುತ್ತದೆ. ಅವಳಿಗೆ ನಲವತ್ತನಾಲ್ಕು, ನನಗಿಂತ ಮೂರೇ ವರ್ಷ ಚಿಕ್ಕವಳು. ಸುಳ್ಯದ ಹತ್ತಿರದ ಒಂದು ಅಂಗನವಾಡಿಯಲ್ಲಿ ಟೀಚರ್. ಪುತ್ತೂರಿನ ನಮ್ಮ ಮನೆಗೆ ಬಂದಳೆಂದರೆ ಚಪ್ಪಲಿ ಕಳಚಿ, ಮೆಟ್ಟಿಲ ಮೇಲೆ ಬಿದ್ದ ಒಣ ಎಲೆಯನ್ನು ಹೆಕ್ಕಿ ಬಿಸಾಡಿಯೇ ಒಳಗೆ ಕಾಲಿಡುವುದು. ಗೋಡೆ ಹಿಡಿಯುವುದಿಲ್ಲ, ‘ಅಯ್ಯಮ್ಮಾ’ ಎನ್ನುವುದಿಲ್ಲ. ಬಗ್ಗುತ್ತಾಳೆ, ಏಳುತ್ತಾಳೆ. ದಿನವಿಡೀ ಮಕ್ಕಳ ಚಡ್ಡಿ ಏರಿಸಿ, ಮೂಗು ಒರೆಸಿ, ನೆಲದಲ್ಲಿ ಕೂತು ಅನ್ನ ತಿನ್ನಿಸಿ ಬಂದ ಸೊಂಟ ಅದು. ಸ್ವಲ್ಪವಾದರೂ ನೋಯಬೇಡವೇ?

ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವಳು. ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕುವುದಕ್ಕೆ ಒಂದು ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡಿದ್ದೇನೆ. ಹಳೆಯ ಸ್ಪೀಕರಿನಿಂದ ಕಿತ್ತದ್ದು. ಗಿರಾಕಿಗಳು ಅದನ್ನು ನೋಡಿ ‘ಒಳ್ಳೆ ಐಡಿಯಾ’ ಎಂದು ನಗುತ್ತಾರೆ, ನಾನೂ ನಗುತ್ತೇನೆ. ತಂಗಿ ಬಂದ ದಿನ ಅದು ಮೂಲೆಯಲ್ಲೇ ಇರುತ್ತದೆ. ಅವಳು ಮಾತಾಡುತ್ತಾ ಮಾತಾಡುತ್ತಾ ಬಗ್ಗಿ ಎಲ್ಲ ಸೂಜಿಗಳನ್ನೂ ಉಗುರಿನಲ್ಲಿ ಹೆಕ್ಕಿ ಡಬ್ಬಿಗೆ ಹಾಕುತ್ತಾಳೆ. ಸಹಾಯ ಮಾಡಲೆಂದೇ ಮಾಡುವುದು, ನನಗೆ ಗೊತ್ತು. ಆದರೂ ಅವಳು ಹೋದ ಮೇಲೆ ಆ ಡಬ್ಬಿಯನ್ನು ನೆಲಕ್ಕೆ ಸುರಿದು ಕೋಲಿನಿಂದ ಮತ್ತೆ ಹೆಕ್ಕಿದ್ದೂ ಉಂಟು.

ಅವಳ ಸೊಂಟ ಯಾಕೆ ಗಟ್ಟಿ, ನನ್ನದು ಯಾಕೆ ಹಾಳು ಎಂಬುದಕ್ಕೆ ನನ್ನ ಹತ್ತಿರ ಒಂದು ಕಾರಣ ತಯಾರಿತ್ತು. ಬಾಣಂತನ.

ನಮ್ಮ ಕಡೆ ಹೆತ್ತವಳನ್ನು ಸುಮ್ಮನೆ ಸ್ನಾನಕ್ಕೆ ಕಳಿಸುವುದಿಲ್ಲ. ಮೈಗೆಲ್ಲ ಎಣ್ಣೆ ತಿಕ್ಕಿ, ನೆಕ್ಕಿ ಗಿಡದ ಸೊಪ್ಪು ಹಾಕಿ ಕುದಿಸಿದ ನೀರನ್ನು ಹದ ಮಾಡಿ, ಬಚ್ಚಲಿನಲ್ಲಿ ಮಣೆ ಹಾಕಿ ಕೂರಿಸಿ, ಚೆಂಬಿನಲ್ಲಿ ತುಂಬಿ ತುಂಬಿ ಬೆನ್ನಿಗೆ, ಸೊಂಟಕ್ಕೆ ಬೀಸಿ ಹೊಡೆಯಬೇಕು. ಸುರಿಯುವುದಲ್ಲ, ಹೊಡೆಯುವುದು. ‘ಧಪ್’ ಎಂದು ಸದ್ದು ಬರಬೇಕು. ಆಮೇಲೆ ಹಳೆಯ ಸೀರೆಯನ್ನು ಸೊಂಟಕ್ಕೆ ಬಿಗಿದು ಕಟ್ಟಬೇಕು. ಹೀಗೆ ಮಾಡಿಸಿಕೊಂಡವಳ ಸೊಂಟ ಮುದುಕಿಯಾಗುವವರೆಗೂ ಗಟ್ಟಿ, ಇಲ್ಲದವಳಿಗೆ ಜೀವಮಾನವಿಡೀ ನೋವು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಯಾವ ಹೆಂಗಸು ಸೊಂಟ ಹಿಡಿದುಕೊಂಡರೂ ಪಕ್ಕದವಳು ಕೇಳುವ ಮೊದಲ ಪ್ರಶ್ನೆಯೇ ‘ಬಾಣಂತನ ಸರಿ ಆಗ್ಲಿಲ್ವಾ?’

ನನ್ನದು ಸರಿಯಾಗಲಿಲ್ಲ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿ ಅಪ್ಪನಿಗೊಂದು ಸಣ್ಣ ಹೋಟೆಲು ಇತ್ತು, ಹಿಂದುಗಡೆ ಮನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಮಗಳನ್ನು ಹೆತ್ತು ಅಲ್ಲಿಗೆ ಬಂದೆ. ಹೋಟೆಲಿನ ದೋಸೆ ಹಿಟ್ಟನ್ನೆಲ್ಲ ಕಡೆಯುವ ಕಲ್ಲಿನಲ್ಲಿ ಕಡೆದು ಗಟ್ಟಿಯಾದ ಕೈ ಅಮ್ಮನದು. ಆ ಕೈಯಿಂದ ಚೆಂಬಿನ ನೀರು ಬಂದು ಸೊಂಟಕ್ಕೆ ಹೊಡೆದರೆ ಒಂದು ಕ್ಷಣ ಉಸಿರು ಕಟ್ಟಿಹೋಗುತ್ತಿತ್ತು. ಹದಿನಾಲ್ಕು ದಿನ ಹೀಗೆ ನಡೆಯಿತು. ಹದಿನೈದನೆಯ ದಿನ ಮಂಗಳೂರಿನ ಹಾಸ್ಟೆಲಿನಿಂದ ಫೋನು ಬಂತು. ಅಲ್ಲಿ ಓದುತ್ತಿದ್ದ ತಂಗಿಗೆ ಕಾಮಾಲೆ, ಆಸ್ಪತ್ರೆಗೆ ಸೇರಿಸಿದ್ದಾರೆ. ಅಮ್ಮ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಸ್ಸು ಹತ್ತಿದಳು. ತಿಂಗಳು ಕಳೆದು ತಂಗಿಯನ್ನು ಕರೆದುಕೊಂಡು ಬರುವಾಗ ನಾನು ಗಂಡನ ಮನೆ ಸೇರಿಯಾಗಿತ್ತು. ಉಳಿದ ದಿನವೆಲ್ಲ ನಾನೇ ಮಿಂದೆ. ಅತ್ತೆ, ಅಂದರೆ ಅಪ್ಪನ ಅಕ್ಕ, ನೀರು ಕಾಯಿಸಿ ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದಳು, ಅಷ್ಟೆ.

ಏಳು ವರ್ಷದ ನಂತರ ತಂಗಿ ಹೆತ್ತಳು. ಅವಳಿಗೆ ಅಮ್ಮ ಅರವತ್ತು ದಿನ ಬಾಣಂತನ ಮಾಡಿದಳು. ಒಂದು ದಿನ ಕಡಿಮೆ ಇಲ್ಲ. ಬಾಣಂತಿಯನ್ನು ನೋಡಲೆಂದು ನಾನೊಂದು ಬೆಳಗ್ಗೆ ಹೋದಾಗ ಬಚ್ಚಲಿನ ಬಾಗಿಲು ಹಾಕಿತ್ತು. ಒಳಗಿನಿಂದ ನೀರಿನ ಸದ್ದು. ಧಪ್, ಧಪ್. ನಡುವೆ ಅಮ್ಮನ ದನಿ: ‘ಕೆಳಗೆ, ಇನ್ನೂ ಕೆಳಗೆ. ಸೊಂಟಕ್ಕೆ ಬೀಳ್ಬೇಕು.’ ನಾನು ಹೊರಗೆ ನಿಂತು ಎಣಿಸಿದೆ. ನಲವತ್ತರವರೆಗೆ ಎಣಿಸಿ ಬಿಟ್ಟೆ. ಕೈಯಲ್ಲಿ ಅವಳ ಮಗುವಿಗೆಂದು ಹೊಲಿದು ತಂದ ಅಂಗಿಯಿತ್ತು. ನನ್ನ ಪಾಲಿನ ನೀರನ್ನೂ ಸೇರಿಸಿ ಅವಳಿಗೆ ಹೊಯ್ಯುತ್ತಿದ್ದಾಳೆ ಎಂದು ಅನಿಸಿ ಕಣ್ಣಿಗೆ ನೀರು ಬಂತು. ಆಗ ನನಗೆ ಮೂವತ್ತು, ಅಳುವ ವಯಸ್ಸಲ್ಲ.

ನಲವತ್ತೆರಡನೆಯ ವರ್ಷದಲ್ಲಿ ನನ್ನ ಬೆರಳುಗಳು ಬೀಗತೊಡಗಿದವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು, ಕತ್ತರಿಯೊಳಗೆ ಬೆರಳು ಹೋಗದು. ಹತ್ತು ಗಂಟೆಯ ಮೇಲೆ ನಿಧಾನವಾಗಿ ಸಡಿಲವಾಗುವುದು. ಪೇಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ‘ರುಮಟಾಯ್ಡ್, ಒಂದು ಥರದ ಸಂಧಿವಾತ’ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳನ್ನು ತಿನ್ನುವ ಕಾಯಿಲೆ. ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ನೋವು ತೀರಾ ಹೆಚ್ಚಿದಾಗ ಕೆಲವು ದಿನಕ್ಕೆಂದು ಸಣ್ಣ ಬಿಳಿ ಮಾತ್ರೆಯನ್ನೂ ಕೊಟ್ಟರು. ಆ ಬಿಳಿ ಮಾತ್ರೆ ನನಗೆ ದೇವರ ಪ್ರಸಾದದ ಹಾಗಾಯಿತು. ನುಂಗಿದ ಮರುದಿನವೇ ಕತ್ತರಿ ಕೈಗೆ ಬರುತ್ತಿತ್ತು. ಮದುವೆಯ ಸೀಸನ್ನಿನಲ್ಲಿ ರವಿಕೆಗಳು ರಾಶಿ ಬಿದ್ದಾಗ ಹಳೆಯ ಚೀಟಿ ತೋರಿಸಿ ಅದನ್ನು ಮತ್ತೆ ಮತ್ತೆ ತರಿಸಿಕೊಂಡೆ. ಡಾಕ್ಟರಿಗೆ ಹೇಳಲಿಲ್ಲ.

ಸೊಂಟ ನೋಯಲು ಶುರುವಾದದ್ದನ್ನೂ ಹೇಳಲಿಲ್ಲ. ಯಾಕೆ ಹೇಳಬೇಕು? ಕೈಯ ನೋವು ಡಾಕ್ಟರದ್ದು, ಸೊಂಟದ ನೋವು ಅಮ್ಮನದ್ದು. ಹದಿನಾಲ್ಕು ದಿನದ ಬಾಣಂತನಕ್ಕೆ ಇಷ್ಟಾದರೂ ನೋಯಲೇಬೇಕಲ್ಲ ಎಂಬುದು ನನ್ನ ಲೆಕ್ಕಾಚಾರ. ಈಶ್ವರಮಂಗಲದ ಕಡೆ ಎಣ್ಣೆ ತಿಕ್ಕುವ ಒಬ್ಬ ಅಜ್ಜಿ ಇದ್ದಾರೆಂದು ಗಿರಾಕಿಯೊಬ್ಬಳು ಹೇಳಿದಳು. ಎರಡು ವರ್ಷ ಆಗಾಗ ಅಲ್ಲಿಗೆ ಹೋದೆ. ಅಜ್ಜಿ ನನ್ನ ಸೊಂಟದ ಮೇಲೆ ಕೈಯಿಟ್ಟ ಕೂಡಲೇ, ‘ಇದು ಹೆತ್ತಾಗ ಗಾಳಿ ಹೊಕ್ಕದ್ದು ಮಗಳೇ, ನೀರು ಸಾಕಾಗ್ಲಿಲ್ಲ ನಿನಗೆ’ ಎಂದರು. ನನಗೆ ಗೆದ್ದಷ್ಟು ಖುಷಿಯಾಯಿತು. ಆ ದಿನವೇ ತಂಗಿಗೆ ಫೋನು ಮಾಡಿ, ಅಜ್ಜಿ ಹೇಳಿದ್ದನ್ನು ಎರಡೆರಡು ಸಲ ಹೇಳಿದೆ. ಅವಳು ‘ಹ್ಞೂಂ’ ಎಂದಳು. ಅಮ್ಮ ಅಷ್ಟರೊಳಗೆ ತೀರಿಕೊಂಡಿದ್ದಳು, ಇಲ್ಲವಾದರೆ ಅವಳಿಗೂ ಕೇಳಿಸುತ್ತಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಯಂತ್ರದ ಮುಂದಿನಿಂದ ಏಳುವಾಗ ಬಲಗಾಲು ನನ್ನದಲ್ಲದ ಹಾಗಾಯಿತು. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ ನೋವು, ಪಾದದಲ್ಲಿ ಜೋಮು. ಇವರು, ನನ್ನ ಗಂಡ, ತಮ್ಮ ಅಂಗಡಿಗೆ ಸಾಮಾನು ತರಲು ಹೋಗಿದ್ದರು. ತಂಗಿಯೇ ಸುಳ್ಯದಿಂದ ಓಡಿ ಬಂದು ನನ್ನನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋದಳು. ಸ್ಕ್ಯಾನಿಂಗ್ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು.

‘ಸೊಂಟ ನೋವು ಎಷ್ಟು ಸಮಯದಿಂದ ಉಂಟು?’

‘ಎರಡು ಎರಡೂವರೆ ವರ್ಷ ಆಯ್ತು ಡಾಕ್ಟ್ರೆ.’

‘ಮೂರು ತಿಂಗಳಿಗೊಮ್ಮೆ ನನ್ನ ಎದುರು ಬಂದು ಕೂತುಕೊಳ್ತೀರಿ. ಒಂದು ಸಲವೂ ಹೇಳ್ಲಿಲ್ಲ ಯಾಕೆ?’

‘ಅದು ಬಾಣಂತನದ್ದು ಅಲ್ವಾ, ನಿಮಗೆ ಎಂತಕ್ಕೆ ಹೇಳುದು ಅಂತ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಎಂತ ಮಾರಾಯ್ರೆ ನೀವು’ ಎಂದು, ನನ್ನ ಬೀಗಿದ ಬೆರಳ ಗೆಣ್ಣನ್ನೇ ಹಿಡಿದು ತೋರಿಸಿ ವಿವರಿಸಿದರು. ಬೆನ್ನುಮೂಳೆಯ ಮಣಿಗಳ ಹಿಂದೆ ಎರಡೂ ಬದಿಗೆ ಬೆರಳಿನದರಂಥದೇ ಸಣ್ಣ ಸಣ್ಣ ಕೀಲುಗಳಿವೆಯಂತೆ, ಒಳಗೆ ಅಂಥದೇ ತೆಳು ಪದರ. ಈ ಕಾಯಿಲೆ ಬೆನ್ನಿಗೆ ಬರುವುದಾದರೆ ಹೆಚ್ಚಾಗಿ ಕುತ್ತಿಗೆಗೆ, ಸೊಂಟಕ್ಕೆ ಕಡಿಮೆ. ಆದರೆ ಬಂದರೆ ಬಂತು. ಆ ಪದರ ಊದಿಕೊಂಡು ಕೀಲಿನ ಮೆದುಮೂಳೆಯನ್ನೂ ಎಲುಬನ್ನೂ ಸವೆಸುತ್ತದೆ. ಕೀಲು ಸಡಿಲವಾದ ಮೇಲೆ ಮೇಲಿನ ಮಣಿ ಕೆಳಗಿನದರ ಮೇಲೆ ನಿಲ್ಲದೆ ಮುಂದಕ್ಕೆ ಜಾರುತ್ತದೆ, ನರ ಹೋಗುವ ದಾರಿ ಇಕ್ಕಟ್ಟಾಗುತ್ತದೆ. ನನ್ನ ಕಾಲಿಗೆ ಬಂದದ್ದು ಅದೇ. ಅದಲ್ಲದೆ ಇನ್ನೊಂದು ಮಣಿ ಕುಸಿದಿತ್ತು. ಕಾಯಿಲೆಯಿಂದ ಅರ್ಧ, ನಾನು ಕದ್ದು ನುಂಗಿದ ಬಿಳಿ ಮಾತ್ರೆಯಿಂದ ಅರ್ಧ, ಎಲುಬು ಟೊಳ್ಳಾಗಿತ್ತು. ಅದರ ಮೇಲೆ ತಿಂಗಳಿಗೆರಡು ಸಲ ಒತ್ತಿ ಒತ್ತಿ ಎಣ್ಣೆ ತಿಕ್ಕಿಸಿಕೊಂಡಿದ್ದೆ.

‘ಬಾಣಂತನಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ’ ಎಂದರು ಡಾಕ್ಟರು. ‘ಆಗಲೇ ಹೇಳಿದ್ರೆ ಇಷ್ಟು ಆಗ್ಲಿಕ್ಕೆ ಬಿಡ್ತಿರ್ಲಿಲ್ಲ. ಮನೆಯಲ್ಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಇತ್ತಾ?’

‘ಇಲ್ಲ’ ಎಂದೆ ನಾನು.

‘ಅಮ್ಮನಿಗೆ ಇತ್ತು’ ಎಂದಳು ತಂಗಿ.

ನಾನು ಅವಳನ್ನು ದುರುಗುಟ್ಟಿ ನೋಡಿದೆ. ಅಮ್ಮನಿಗೆ ಬೆರಳು ನೋವು ಇತ್ತು, ‘ವಾತ’ ಎನ್ನುತ್ತಿದ್ದಳು, ಯಾರಿಗಿಲ್ಲ ವಾತ? ನನಗೆ ಗೊತ್ತಿಲ್ಲದ ಅಮ್ಮ ಇವಳಿಗೆ ಹೇಗೆ ಗೊತ್ತು? ನನ್ನ ಕಾಯಿಲೆಯ ಎದುರು ಕೂತಾಗಲೂ ಅಮ್ಮನಿಗೆ ಹತ್ತಿರದವಳು ತಾನು ಎಂದು ತೋರಿಸಿಕೊಳ್ಳಬೇಕಾಗಿತ್ತೇ? ರಿಕ್ಷಾದಲ್ಲಿ ಬರುವಾಗ ಅವಳೊಡನೆ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ, ಮಣಿ ಜಾರಿದ್ದಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಹೊಟ್ಟೆಕಿಚ್ಚಿಗೆ ಇದ್ದ ಕಾರಣವೇ ಕೈತಪ್ಪಿ ಹೋದದ್ದು. ಕಾರಣ ಹೋದರೂ ಕಿಚ್ಚು ಹೋಗಲಿಲ್ಲ.

ಮದ್ದು ಬದಲಾಯಿತು, ಎಲುಬಿಗೆ ಬೇರೆ ಮದ್ದು ಸೇರಿತು, ಸೊಂಟಕ್ಕೆ ಪಟ್ಟಿ ಬಂತು. ಬಗ್ಗಬಾರದು, ಭಾರ ಎತ್ತಬಾರದು, ತಿಕ್ಕಿಸಿಕೊಳ್ಳಲೇಬಾರದು. ಕಾಲಿನ ಜೋಮು ಹೆಚ್ಚಾದರೆ, ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ ಬರಬೇಕು. ಎಲ್ಲದಕ್ಕೂ ತಲೆಯಾಡಿಸಿದೆ. ಆಗಲೇ ಮಗಳು ಬಸುರಿ ಎಂದು ಗೊತ್ತಾಯಿತು.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಮಾತು. ಮಗಳ ಬೆನ್ನಿಗೆ ನೀರು ಹೊಯ್ಯುವ ಕೈ ನನ್ನದಾಗಬೇಕು. ಬಾಣಂತನಕ್ಕೂ ಸೊಂಟಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದು ನಿಜವಿರಬಹುದು, ಇರಲಿ. ಈಗಿನ ಡಾಕ್ಟರುಗಳು ಬಿಸಿನೀರಿನ ಗುದ್ದೇ ಬೇಡ ಎನ್ನುತ್ತಾರಂತೆ, ಅದೂ ಇರಲಿ. ನನಗೆ ಸಿಗದ ನಲವತ್ತಾರು ದಿನವನ್ನು ನಾನು ಅವಳಿಗೆ ಕೊಡಬೇಕಿತ್ತು. ಗುಟ್ಟಾಗಿ ಅಭ್ಯಾಸವನ್ನೂ ಮಾಡಿದೆ. ಚೆಂಬಿನಲ್ಲಿ ಅರ್ಧ ನೀರು ತುಂಬಿ ಎರಡೂ ಅಂಗೈಯ ನಡುವೆ ಒತ್ತಿ ಹಿಡಿದು ಎತ್ತುವುದು.

ಎಂಟನೆಯ ತಿಂಗಳಲ್ಲಿ ಹೆರಿಗೆಗೆಂದು ಗಂಡನ ಮನೆಯಿಂದ ಬಂದ ಮಗಳು ಊಟಕ್ಕೆ ಕೂತವಳು ತಲೆಯೆತ್ತದೆ ಹೇಳಿದಳು, ‘ಬಾಣಂತನಕ್ಕೆ ಚಿಕ್ಕಮ್ಮ ಬರ್ಲಿ ಅಮ್ಮ. ಚಿಕ್ಕಮ್ಮನದ್ದು ಗಟ್ಟಿ ಕೈ.’

‘ಬರ್ಲಿ, ಅದಕ್ಕೆಂತ’ ಎಂದೆ. ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಹೆಣ್ಣು ಮಗು. ಸುಖವಾಗಿ ಹೆರಿಗೆಯಾಯಿತು. ಎಂಟನೆಯ ದಿನದಿಂದ ಮೀಯಿಸುವುದೆಂದು ಮಾತಾಗಿತ್ತು. ತಂಗಿ ರಜೆ ಹಾಕಿ ಒಂಬತ್ತು ಗಂಟೆಯ ಬಸ್ಸಿಗೆ ಬರುವವಳಿದ್ದಳು. ನಾನು ಏಳೂವರೆಗೇ ಹಂಡೆಯ ನೀರು ಕಾಯಿಸಿದೆ. ಇವರ ಹತ್ತಿರ ಸೊಪ್ಪು ತರಿಸಿದೆ. ‘ಚಿಕ್ಕಮ್ಮ ಬರುವವರೆಗೆ ಕಾಯುವ’ ಎಂದು ಮಗಳು ಹೇಳಿದಳು. ‘ನಾನು ನಿನ್ನ ಅಮ್ಮ ಅಲ್ವಾ?’ ಎಂದು ರೇಗಿ ಅವಳನ್ನು ಮಣೆಯ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡೆ.

ಮೊದಲ ಚೆಂಬು ಬೆನ್ನಿಗೆ ಬಿತ್ತು. ಎರಡನೆಯದು ಅವಳ ಹೆಗಲಿಗೆ ತಾಗಿ ಗೋಡೆಗೆ ಹೋಯಿತು. ಮೂರನೆಯದಕ್ಕೆ ಬೆರೆಸಲೆಂದು ಹಂಡೆಯಿಂದ ಕುದಿನೀರು ತುಂಬಲು ಬಗ್ಗಿದವಳು ಹಾಗೆಯೇ ಉಳಿದೆ. ಕೆಳಗೆ ಹೋಗಲಾರೆ, ಮೇಲೆ ಬರಲಾರೆ. ಚೆಂಬು ಕೈಜಾರಿ ನೆಲಕ್ಕೆ ಬಿದ್ದು ಬಿಸಿನೀರು ನನ್ನ ಪಾದಕ್ಕೆ ಚೆಲ್ಲಿತು. ಕಿರುಚಿದೆನಂತೆ. ಹೆತ್ತು ಎಂಟು ದಿನವಾದವಳು, ಹೊಲಿಗೆ ಹಸಿಯಾಗಿರುವವಳು, ಒದ್ದೆ ಮೈಯಲ್ಲಿ ಎದ್ದು ನನ್ನ ಸೊಂಟವನ್ನು ತಬ್ಬಿ ಹಿಡಿದು ನಿಂತಳು. ಬಾಣಂತಿ ನನ್ನನ್ನು ಎತ್ತಿ ಹಿಡಿದಿದ್ದಾಳೆ, ಒಳಗೆ ಮಗು ಅಳುತ್ತಿದೆ, ಹಾಲೂ ಕೊಡಲಾರಳು, ನನ್ನನ್ನೂ ಬಿಡಲಾರಳು. ಆ ನಾಚಿಕೆಯನ್ನು ಎಲ್ಲಿ ಅಡಗಿಸಿಡಲಿ?

ಇವರು ಬಂದು ನನ್ನನ್ನು ಹಾಸಿಗೆಗೆ ಸೇರಿಸಿದರು. ತಂಗಿ ಬಂದವಳು ಯಾರನ್ನೂ ಬೈಯಲಿಲ್ಲ. ನೇರ ಬಚ್ಚಲಿಗೆ ಹೋಗಿ ಹೊಸದಾಗಿ ನೀರು ಹದ ಮಾಡಿ ಮಗಳನ್ನು ಮೀಯಿಸಿದಳು. ಗೋಡೆಯಾಚೆಗೆ ನಾನು ಅಂಗಾತ ಮಲಗಿ ಕೇಳಿದೆ. ಧಪ್, ಧಪ್. ಅದೇ ಸದ್ದು. ಈ ಸಲ ಎಣಿಸಲಿಲ್ಲ, ಕಿವಿ ಮುಚ್ಚಿಕೊಳ್ಳೋಣವೆಂದರೆ ತೋಳು ಎತ್ತಲಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಅವಳು ಎಣ್ಣೆ ಕೈಯಲ್ಲೇ ಬಂದು ನನ್ನ ಸುಟ್ಟ ಪಾದ ನೋಡಲು ಬಗ್ಗಿದಳು. ಆ ಬಗ್ಗುವಿಕೆಯನ್ನು ನೋಡಿ ನನ್ನ ಬಾಯಿಯ ಹಿಡಿತ ತಪ್ಪಿತು.

‘ಬಗ್ಗು, ಚಂದ ಮಾಡಿ ಬಗ್ಗು. ಅರವತ್ತು ದಿನ ಅಮ್ಮನ ಕೈಯಲ್ಲಿ ಮೀಯಿಸಿಕೊಂಡ ಸೊಂಟ ಅಲ್ವಾ? ನನ್ನ ಪಾಲಿನದ್ದೂ ನಿನಗೇ ಸಿಕ್ಕಿತು. ಈಗ ಮಗಳನ್ನೂ ತಕ್ಕೋ.’

ಅವಳು ನೆಟ್ಟಗೆ ನಿಂತಳು. ಮುಖ ಕೆಂಪಾಗಿತ್ತು.

‘ಅಕ್ಕ, ಅಮ್ಮ ನನಗೆ ಒಂದು ಚೆಂಬು ನೀರು ಹೊಯ್ಯಲಿಲ್ಲ.’

‘ಸುಳ್ಳು ಹೇಳ್ಬೇಡ. ನಾನೇ ಹೊರಗೆ ನಿಂತು ಕೇಳಿದ್ದೇನೆ.’

‘ಕೇಳಿದ್ದಿ. ನೋಡ್ಲಿಲ್ಲ ಅಲ್ವಾ? ಆಗ ಅಮ್ಮನಿಗೆ ಚೆಂಬು ಹಿಡೀಲಿಕ್ಕೇ ಆಗ್ತಿರ್ಲಿಲ್ಲ. ಬೆರಳು ಮಡಚುದಿಲ್ಲ. ಬಾಗಿಲು ಹಾಕಿ ಒಳಗೆ ಒಂದು ಸ್ಟೂಲಲ್ಲಿ ಕೂತುಕೊಳ್ತಿದ್ದಳು. ನೀರು ನಾನೇ ಹೊಯ್ದುಕೊಂಡದ್ದು, ಹೆಗಲ ಮೇಲಿಂದ ಹಿಂದೆ ಬೀಸಿ. ಎಲ್ಲಿಗೆ ಬೀಳ್ಬೇಕು ಅಂತ ಅವಳು ಹೇಳುದು. ಅರವತ್ತು ದಿನವೂ ಹಾಗೆ.’

‘ನನಗೆ ಯಾಕೆ ಹೇಳ್ಲಿಲ್ಲ?’

‘ನನ್ನ ಗಂಡನ ಮನೆಯವರಿಗೆ ಗೊತ್ತಾದ್ರೆ ಬಾಣಂತನ ಮಾಡದೆ ಕಳಿಸಿದ್ರು ಅಂತ ಮಾತು ಬರ್ತದೆ ಅಂತ ಅವಳಿಗೆ ಹೆದರಿಕೆ. ಅಕ್ಕನಿಗೆ ಹೇಳ್ಬೇಡ, ಅವಳ ಬಾಯಲ್ಲಿ ನಿಲ್ಲುದಿಲ್ಲ ಅಂದಳು. ಆಣೆ ಹಾಕಿಸಿದ್ದಳು.’ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಅಮ್ಮನ ಕೈಯ ನೀರು ಬಿದ್ದದ್ದು ನಿನಗೆ ಮಾತ್ರ ಮಾರಾಯ್ತಿ. ಹದಿನಾಲ್ಕು ದಿನ. ನನಗೆ ಅದೂ ಇಲ್ಲ.’

ನನಗೆ ಮೊದಲು ಆದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಹದಿನಾಲ್ಕು, ಸೊನ್ನೆ. ಗೆದ್ದೆ ಎನಿಸಿತು.

ಆಮೇಲೆ ಅಮ್ಮನ ರವಿಕೆಗಳು ನೆನಪಾದವು. ಅಮ್ಮನ ರವಿಕೆ ಹೊಲಿಯುತ್ತಿದ್ದವಳು ನಾನೇ. ಒಂದು ವರ್ಷ ಅವಳು, ‘ಹುಕ್ಕು ಬೇಡ, ಒತ್ತಿದ್ರೆ ಕೂರುವ ಟಿಚ್ ಬಟನ್ ಹಾಕು, ದೊಡ್ಡದು’ ಎಂದಾಗ ನಾನು ನಕ್ಕಿದ್ದೆ. ‘ಈ ಪ್ರಾಯದಲ್ಲಿ ಎಂಥ ಫ್ಯಾಶನ್ ಅಮ್ಮ?’ ಎಂದಿದ್ದೆ. ಇನ್ನೊಂದು ವರ್ಷ ತೋಳು ಸಡಿಲ ಮಾಡಲು ಹೇಳಿದಳು, ಕೈ ಎತ್ತಿ ಹಾಕಿಕೊಳ್ಳಲು ಕಷ್ಟವೆಂದು. ಅಳತೆ ಟೇಪು ಹಿಡಿದು ಅವಳ ಮೈಸುತ್ತ ನಿಂತವಳು ನಾನು. ಬೆರಳನ್ನು ನೋಡಲಿಲ್ಲ. ಅವಳು ತಂಗಿಗೆ ಅರವತ್ತು ದಿನ ಕೊಟ್ಟಳೆಂಬ ಸಿಟ್ಟಿನಲ್ಲಿ ಬೇಗ ಬೇಗ ಅಳತೆ ಬರೆದುಕೊಂಡು ಏಳುತ್ತಿದ್ದೆ. ಈಗ ನನ್ನ ರವಿಕೆಗಳಿಗೂ ಟಿಚ್ ಬಟನ್ನೇ. ಹಾಸಿಗೆಯಲ್ಲಿ ಮಲಗಿದ್ದಲ್ಲೇ ಅತ್ತುಬಿಟ್ಟೆ. ತಂಗಿ ಪಾದಕ್ಕೆ ಮುಲಾಮು ಹಚ್ಚುತ್ತಲೇ ಇದ್ದಳು.

ಮರುದಿನ ಮತ್ತೆ ಎಕ್ಸ್-ರೇ, ಮತ್ತೆ ಡಾಕ್ಟರ ಬೈಗುಳ. ಹೊಸದಾಗಿ ಏನೂ ಮುರಿದಿರಲಿಲ್ಲ. ನಾಲ್ಕು ದಿನ ಮಲಗಿದೆ. ಐದನೆಯ ದಿನ ಬೆಳಗ್ಗೆ ತಂಗಿ ಬಚ್ಚಲಿನ ಮೂಲೆಯಲ್ಲಿ ನಮ್ಮ ಪ್ಲಾಸ್ಟಿಕ್ ಸ್ಟೂಲು ಇಟ್ಟು ಬಂದು, ‘ಬಾ, ಕೂತುಕೋ. ಎಲ್ಲಿಗೆ ಹೊಯ್ಯಬೇಕು ಅಂತ ನೀನು ಹೇಳು, ನನಗೆ ಸರಿ ಗೊತ್ತಾಗುದಿಲ್ಲ’ ಎಂದಳು. ಗೊತ್ತಿಲ್ಲದೆ ಏನು, ಅರವತ್ತು ದಿನ ತಾನೇ ಹೊಯ್ದುಕೊಂಡವಳು. ಆದರೂ ಹೋಗಿ ಕೂತೆ.

ಸೊಪ್ಪಿನ ಹಬೆ ತುಂಬಿತ್ತು. ಮಗಳು ಮಣೆಯ ಮೇಲೆ ಬೆನ್ನು ಮಾಡಿ ಕೂತಿದ್ದಳು. ತಂಗಿ ಸೀರೆ ಎತ್ತಿಕಟ್ಟಿ ಬಗ್ಗಿ ಚೆಂಬು ತುಂಬಿ ಬೀಸಿದಳು, ಎಷ್ಟು ಸುಲಭವಾಗಿ ಬಗ್ಗುತ್ತಾಳೆ ಎಂದು ಈಗಲೂ ಅನಿಸಿತು. ನೀರು ಮಗಳ ಹೆಗಲಿಗೆ ಬಿತ್ತು.

‘ಕೆಳಗೆ’ ಎಂದೆ. ‘ಇನ್ನೂ ಕೆಳಗೆ. ಸೊಂಟಕ್ಕೆ ಬೀಳ್ಬೇಕು.’

ಮಗಳು ‘ಅಮ್ಮ ಯಾಕೆ ಇಷ್ಟು ಬೊಬ್ಬೆ ಹಾಕುದು?’ ಎಂದು ನಕ್ಕಳು. ತಂಗಿ ನಗಲಿಲ್ಲ. ಖಾಲಿ ಚೆಂಬು ಹಿಡಿದು ಹಾಗೆಯೇ ನಿಂತಿದ್ದಳು.

‘ಅಕ್ಕ, ಅಮ್ಮ ಹೊಯ್ಯುವಾಗ ಹೇಗಿತ್ತು? ಜೋರು ಬೀಳ್ತಿತ್ತಾ?’

‘ಬೀಳ್ತಿತ್ತು’ ಎಂದೆ. ‘ಉಸಿರು ಕಟ್ಟುವಷ್ಟು.’

ಅವಳು ಹಂಡೆಗೆ ಬಗ್ಗಿದಳು. ಹಬೆಯಲ್ಲಿ ಅವಳ ಮುಖ ನನಗೆ ಕಂಡಿತು. ಆ ಮುಖ ನನಗೆ ಚೆನ್ನಾಗಿ ಪರಿಚಯ, ಅವಳ ಬಾಣಂತನದ ಬಚ್ಚಲಿನ ಹೊರಗೆ ನಿಂತ ದಿನದಿಂದ ಹದಿನೇಳು ವರ್ಷ ಕನ್ನಡಿಯಲ್ಲಿ ನೋಡಿದ್ದೆ.